ಪದ ಪರಿಚಯ: ಬಯೋಮಾರ್ಕರ್

‘ಬೆಳಗ್ಗೆ ತಾನೇ ರಕ್ತ ತಗೊಂಡ್ರಲ್ಲಣ್ಣಾ, ಮತ್ತೆ ಯಾಕೆ?’

ಹಾಸನದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿರುವ ನನಗೆ ಐಸಿಯು ಹೊರಗೆ ಕೂತವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಉತ್ತರ ಸಿಗಬೇಕಾದರೆ ಬಯೋಮಾರ್ಕರ್ ಅಂದರೆ ಏನು ಅಂತ ಗೊತ್ತಾಗಬೇಕು.

ದೇಹದೊಳಗೆ ಏನು ನಡೆಯುತ್ತಿದೆ ಅನ್ನುವುದರ ಸುಳಿವು ಕೊಡುವ, ಅಳೆದು ನೋಡಬಹುದಾದ ಗುರುತೇ ಬಯೋಮಾರ್ಕರ್. ಶುಗರ್ ಇರುವವರು ರಕ್ತದ ಸಕ್ಕರೆ ನೋಡಿಸಿಕೊಳ್ಳುತ್ತಾರಲ್ವಾ, ಅದೂ ಒಂದು ಬಯೋಮಾರ್ಕರೇ. ಆದರೆ ಈ ಪದದ ತೂಕ ನನಗೆ ಗೊತ್ತಾಗಿದ್ದು ಸೆಪ್ಸಿಸ್ ರೋಗಿಗಳಿಂದ.

ಸೆಪ್ಸಿಸ್‌ಗೆ ನಮ್ಮ ಕಡೆ ‘ನಂಜು ಏರಿದೆ’ ಅನ್ನುತ್ತಾರೆ. ಮಾತು ತಪ್ಪಲ್ಲ, ಆದರೆ ಪೂರ್ತಿ ಅಲ್ಲ. ತೋಟದಲ್ಲಿ ಕತ್ತಿ ತಾಗಿದ ಗಾಯ, ಮೂತ್ರದ ಸೋಂಕು, ನ್ಯುಮೋನಿಯಾ, ಯಾವುದರಿಂದ ಬೇಕಾದರೂ ಇದು ಶುರುವಾಗಬಹುದು. ಸೋಂಕಿನ ಜೊತೆ ಹೋರಾಡುವ ದೇಹವೇ ಹದ ತಪ್ಪಿ, ತನ್ನ ಕಿಡ್ನಿ, ಶ್ವಾಸಕೋಶ, ಹೃದಯಕ್ಕೆ ಪೆಟ್ಟು ಕೊಡುತ್ತದೆ. ಸೆಪ್ಸಿಸ್‌ಗೆ 2016ರಲ್ಲಿ ತಜ್ಞರು ಕೊಟ್ಟ ವ್ಯಾಖ್ಯೆ ಹೇಳುವುದೂ ಇದನ್ನೇ. ಬೆಳಗ್ಗೆ ಮಾತಾಡುತ್ತಿದ್ದವರು ರಾತ್ರಿಗೆ ವೆಂಟಿಲೇಟರ್ ಮೇಲಿರಬಹುದು. ಅದಕ್ಕೇ ಮುಂಚೆ ಸುಳಿವು ಸಿಗುವುದು ಅಷ್ಟು ಮುಖ್ಯ.

ದೇಹದಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್ ಸಿಆರ್‌ಪಿ, ಇದರ ಹೆಸರು ತುಂಬಾ ಜನ ಕೇಳಿರುತ್ತಾರೆ. ಆದರೆ ಅದು ಏರುವುದು ನಿಧಾನ, ಗರಿಷ್ಠ ಮುಟ್ಟಲು ಸುಮಾರು ಎರಡು ದಿನ ಬೇಕು. ಪ್ರೊಕ್ಯಾಲ್ಸಿಟೋನಿನ್ ಅನ್ನುವ ಇನ್ನೊಂದು ಬಯೋಮಾರ್ಕರ್ ಚುರುಕು. ಬ್ಯಾಕ್ಟೀರಿಯಾ ಸೋಂಕು ಜೋರಾದಾಗ ಕೆಲವೇ ಗಂಟೆಗಳಲ್ಲಿ ಏರುತ್ತದೆ. ಔಷಧಿ ಹಿಡಿದರೆ ದಿನಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಇಳಿಯುತ್ತದೆ. ಇಳಿಯದಿದ್ದರೆ ಡಾಕ್ಟರ್ ಯೋಚನೆಗೆ ಬೀಳುತ್ತಾರೆ. ದೊಡ್ಡ ಆಪರೇಷನ್ ಆದವರಲ್ಲೂ ಇದು ಏರುವುದುಂಟು, ಹಾಗಾಗಿ ಸುಮ್ನೆ ಅಂಕಿ ನೋಡಿ ತೀರ್ಮಾನ ಮಾಡುವ ಹಾಗಿಲ್ಲ.

ಮಳೆಗಾಲದಲ್ಲಿ ನಾವೆಲ್ಲ ಗೊರೂರು ಡ್ಯಾಂ ಲೆಕ್ಕ ನೋಡುತ್ತೇವೆ. ಇವತ್ತಿನ ಮಟ್ಟ ಇಷ್ಟು ಅಡಿ ಅಂದರೆ ಮುಗಿಯಲಿಲ್ಲ. ನಿನ್ನೆ ಎಷ್ಟಿತ್ತು, ಒಳಹರಿವು ಎಷ್ಟು ಅಂತ ಕೇಳುತ್ತೇವೆ. ಮೂಡಿಗೆರೆ ಕಡೆ ಮಳೆ ಜೋರಾದರೆ ಹೇಮಾವತಿ ಏರುತ್ತಾಳೆ ಅಂತ ಮೊದಲೇ ಗೊತ್ತು. ರಕ್ತದ ಲೆಕ್ಕವೂ ಹಾಗೇ.

ನನಗೆ ಜಾಸ್ತಿ ಆತಂಕ ತರುವುದು ಲ್ಯಾಕ್ಟೇಟ್. ಜೀವಕೋಶಗಳಿಗೆ ಆಮ್ಲಜನಕ ಸಾಲದಿದ್ದಾಗ, ದೇಹ ತೀರಾ ಒತ್ತಡದಲ್ಲಿದ್ದಾಗ ಇದು ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಡ್ರಿಪ್ ಸಾಕಷ್ಟು ಕೊಟ್ಟ ಮೇಲೂ ಬಿಪಿ ನಿಲ್ಲಿಸಲು ಔಷಧಿ ಬೇಕಾಗಿ, ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲ್ ದಾಟಿಯೇ ಇದ್ದರೆ ಅದು ಸೆಪ್ಟಿಕ್ ಶಾಕ್, ಅಂದರೆ ಸೆಪ್ಸಿಸ್‌ನ ತೀರಾ ಗಂಭೀರ ಹಂತ. ಇದರ ರಕ್ತ ಬರುವುದು ಬೂದು ಮುಚ್ಚಳದ ಟ್ಯೂಬಿನಲ್ಲಿ, ಐಸ್ ಮೇಲೆ. ಬೇರೆ ಟ್ಯೂಬಿಗೆ ತುಂಬಿ ಹೊರಗೆ ಇಟ್ಟುಬಿಟ್ಟರೆ ಕೆಂಪು ರಕ್ತಕಣಗಳು ಅಲ್ಲೇ ಲ್ಯಾಕ್ಟೇಟ್ ಮಾಡುತ್ತಾ ಹೋಗುತ್ತವೆ, ಇಲ್ಲದ ಕಾಯಿಲೆ ಇದ್ದಂತೆ ಕಾಣುತ್ತದೆ. ಅದಕ್ಕೇ ವಾರ್ಡಿನಿಂದ ಆ ಟ್ಯೂಬ್ ಹಿಡಿದು ಬರುವ ಹುಡುಗನಿಗೆ ‘ಎಲ್ಲೂ ನಿಲ್ಲಬೇಡಪ್ಪಾ’ ಅಂತ ಹೇಳಿರುತ್ತೇವೆ.

ಮೊದಲ ಲೆಕ್ಕ 2ಕ್ಕಿಂತ ಜಾಸ್ತಿ ಬಂದರೆ ಎರಡರಿಂದ ನಾಲ್ಕು ಗಂಟೆಯೊಳಗೆ ಮತ್ತೆ ರಕ್ತ ತೆಗೆಯುತ್ತಾರೆ. ಹೊರಗೆ ಕೂತವರಿಗೆ ಬೇಸರ ತರಿಸುವುದು ಈ ಎರಡನೇ ಟ್ಯೂಬೇ. 4 ಇದ್ದದ್ದು 2.5ಕ್ಕೆ ಇಳಿದಿದ್ದರೆ ಚಿಕಿತ್ಸೆ ಹಿಡಿಯುತ್ತಿದೆ ಅನ್ನುವ ಭರವಸೆ ಮೂಡುತ್ತದೆ. 6ಕ್ಕೆ ಏರಿದ್ದರೆ, ಪ್ರಿಂಟ್ ತೆಗೆಯುವುದಕ್ಕೂ ಕಾಯದೆ ನಾನು ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತೇನೆ.