ಗುಂಡಿನ ಲೆಕ್ಕ: ಸರ್ವೈವಲ್ ಹಾರರ್‌ನಲ್ಲಿ ಕಾದಾಟ ಬಂದದ್ದು, ಹೋದದ್ದು, ಮತ್ತೆ ಬಂದದ್ದು

ಪ್ಲೇಸ್ಟೇಷನ್ ಡಿಸ್ಕ್ ಹುಡುಕಿಕೊಂಡು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ ಸುತ್ತುತ್ತಿದ್ದ ಮಾಟುಂಗಾ, ಡೊಂಬಿವಲಿಯ ಕನ್ನಡದ ಹುಡುಗರು ಈಗ ತಮ್ಮ ಮಕ್ಕಳ ಕೈಗೆ ಕಂಟ್ರೋಲರ್ ಕೊಡುವ ವಯಸ್ಸಿಗೆ ಬಂದಿದ್ದಾರೆ. ಅವರ ನಡುವಿನ ಒಂದು ವಾದ ಮಾತ್ರ ಇನ್ನೂ ಮುಗಿದಿಲ್ಲ: ಸರ್ವೈವಲ್ ಹಾರರ್, ಅಂದರೆ ಹೆದರಿಸುತ್ತ ಬದುಕುಳಿಯಲು ಹೆಣಗಾಡಿಸುವ ಗೇಮ್‌ನಲ್ಲಿ ಬಂದೂಕು ಇರಬೇಕೋ ಬೇಡವೋ? ಇದ್ದರೆ ಹೆದರಿಕೆಯೇ ಹೋಯಿತು ಎನ್ನುತ್ತಾರೆ ಕೆಲವರು. ಇಲ್ಲದಿದ್ದರೆ ಓಡುವುದು, ಕಪಾಟಿನಲ್ಲಿ ಅಡಗುವುದು ಬಿಟ್ಟು ಮಾಡಲು ಏನೂ ಉಳಿಯುವುದಿಲ್ಲ ಎನ್ನುತ್ತಾರೆ ಉಳಿದವರು. ಹಳೆಯ ಗೇಮ್‌ಗಳನ್ನು ಮತ್ತೆ ಬಿಚ್ಚಿ ನೋಡಿದರೆ, ಒಂದು ಗುಂಡು ಹಾರಿಸಲು ಎಷ್ಟು ಬೆಲೆ ತೆರಬೇಕು ಎಂಬುದೇ ಹೆದರಿಕೆಯ ಮಟ್ಟವನ್ನು ನಿರ್ಧರಿಸುತ್ತ ಬಂದಿದೆ.

ಆ ಬೆಲೆಯ ಮೊದಲ ರೂಪ 1989ರಲ್ಲಿ ಜಪಾನಿನ ಕ್ಯಾಪ್ಕಾಮ್ ಕಂಪನಿ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕೆ ತಂದ 'ಸ್ವೀಟ್ ಹೋಮ್'ನಲ್ಲಿದೆ. ಐವರು ಒಂದು ಬಂಗಲೆಯೊಳಗೆ ಹೋಗುತ್ತಾರೆ, ಸತ್ತವರು ಮತ್ತೆ ಎದ್ದು ಬರುವುದಿಲ್ಲ. ಇದನ್ನೇ ಹೊಸದಾಗಿ ಮಾಡುವ ಯತ್ನವಾಗಿ ಶುರುವಾದದ್ದು ನಿರ್ದೇಶಕ ಶಿಂಜಿ ಮಿಕಾಮಿ ಅವರ 'ರೆಸಿಡೆಂಟ್ ಈವಿಲ್' (1996). ಕದಲದ ಕ್ಯಾಮೆರಾ ಕೋನಗಳು ಫ್ರಾನ್ಸಿನ 'ಅಲೋನ್ ಇನ್ ದ ಡಾರ್ಕ್' (1992) ಹಾಕಿಕೊಟ್ಟ ದಾರಿ.

'ರೆಸಿಡೆಂಟ್ ಈವಿಲ್'ನ ಲೆಕ್ಕವನ್ನು ಬಿಡಿಸಿ ನೋಡಬೇಕು. ಪಿಸ್ತೂಲಿನಲ್ಲಿ 15 ಗುಂಡು. ಒಂದು ಜೋಂಬಿ ಬೀಳಲು ಐದಾರು ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಆಟಗಾರ ಆರಿಸಿಕೊಳ್ಳುವ ಇಬ್ಬರಲ್ಲಿ ಜಿಲ್ ಚೀಲದಲ್ಲಿ ಎಂಟು ಜಾಗ, ಕ್ರಿಸ್ ಚೀಲದಲ್ಲಿ ಆರೇ. ಪಿಸ್ತೂಲಿಗೊಂದು, ಗುಂಡಿನ ಡಬ್ಬಿಗೊಂದು, ಗಾಯಕ್ಕೆ ಹಚ್ಚುವ ಗಿಡಮೂಲಿಕೆಗೊಂದು, ಬೀಗದ ಕೈಗೊಂದು ಜಾಗ ಹೋದರೆ ಕ್ರಿಸ್‌ಗೆ ಉಳಿಯುವುದು ಎರಡು. ಸೇವ್ ಮಾಡಲು ಬೇಕಾದ ಶಾಯಿ ರಿಬ್ಬನ್ ಕೂಡ ಒಂದು ಜಾಗ ತಿನ್ನುತ್ತದೆ. ಚಾಳ್‌ನಲ್ಲಿ ಬೆಳಗ್ಗೆ ಒಂದು ಹೊತ್ತು ಬಂದ ನಲ್ಲಿ ನೀರನ್ನು ರಾತ್ರಿಯವರೆಗೆ ಚೊಂಬಿನಲ್ಲಿ ಅಳೆದು ಬಳಸಿದ ಮನೆಯವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಹೊಸಬರು ಎಡವುವುದೂ ಇಲ್ಲೇ: ಕಂಡ ಜೋಂಬಿಯನ್ನೆಲ್ಲ ಹೊಡೆದುರುಳಿಸಿ, ಮುಂದೆ ಹಂಟರ್ ಎಂಬ ಇನ್ನೂ ಅಪಾಯದ ಶತ್ರುಗಳು ಬರುವ ಹೊತ್ತಿಗೆ ಬರಿಗೈಯಲ್ಲಿ ನಿಲ್ಲುತ್ತಾರೆ. ಅಗಲವಾದ ಕೋಣೆಯಲ್ಲಿ ಜೋಂಬಿಯನ್ನು ಸುತ್ತುಹಾಕಿ ತಪ್ಪಿಸಿಕೊಂಡು ಓಡಬೇಕು, ದಿನಕ್ಕೆ ಹತ್ತು ಸಲ ದಾಟುವ ಇಕ್ಕಟ್ಟಾದ ಓಣಿಯಲ್ಲಿ ಮಾತ್ರ ಗುಂಡು ಖರ್ಚು ಮಾಡಬೇಕು. ಶಾಟ್‌ಗನ್ ಸಿಕ್ಕ ಮೇಲೆ ಜೋಂಬಿ ತೀರ ಹತ್ತಿರ ಬರುವವರೆಗೆ ಕಾದು, ಮೇಲ್ಮುಖವಾಗಿ ಗುರಿಯಿಟ್ಟರೆ ಒಂದೇ ಏಟಿಗೆ ತಲೆ ಹಾರುತ್ತದೆ. ಆ ಕಾಯುವಿಕೆಯಲ್ಲೇ ಎದೆ ಬಡಿತ ಹೆಚ್ಚುವುದು.

ನಿಂಟೆಂಡೊದ ಗೇಮ್‌ಕ್ಯೂಬ್ ಯಂತ್ರಕ್ಕೆ 2002ರಲ್ಲಿ ಬಂದ ಇದೇ ಗೇಮ್‌ನ ಮರುರೂಪ ಈ ಲೆಕ್ಕದ ಮೇಲೆ ಬಡ್ಡಿ ಹಾಕಿತು. ಬಿದ್ದ ಜೋಂಬಿಯ ತಲೆ ಒಡೆಯದೆ, ಸುಡದೆ ಬಿಟ್ಟರೆ ಅದು ಕೆಲಕಾಲದ ನಂತರ ಕ್ರಿಮ್ಸನ್ ಹೆಡ್ ಎಂಬ ಇನ್ನೂ ಚುರುಕಾದ ರೂಪದಲ್ಲಿ ಎದ್ದು, ಉಗುರು ಚಾಚಿಕೊಂಡು ಓಡಿಬರುತ್ತದೆ. ಸುಡಲು ಸೀಮೆಎಣ್ಣೆ ಬೇಕು, ಫ್ಲಾಸ್ಕ್ ಒಮ್ಮೆ ತುಂಬಿಸಿದರೆ ಎರಡು ಹೆಣಕ್ಕೆ ಸಾಕು, ಆ ಫ್ಲಾಸ್ಕಿಗೂ ಚೀಲದಲ್ಲಿ ಜಾಗ ಕೊಡಬೇಕು. ಗೆದ್ದ ಕಾದಾಟವೂ ಸಾಲವಾಗಿ ಉಳಿಯುವಂತೆ ಮಾಡಿದ ಈ ಉಪಾಯಕ್ಕಿಂತ ಜಾಣತನದ್ದು ಈ ಪ್ರಕಾರದಲ್ಲಿ ಮತ್ತೆ ಬಂದಿಲ್ಲ.

ಕೊನಾಮಿಯ 'ಸೈಲೆಂಟ್ ಹಿಲ್' (1999) ಬೇರೆ ದಾರಿ ಹಿಡಿಯಿತು. ಹ್ಯಾರಿ ಮೇಸನ್ ಪೊಲೀಸನಲ್ಲ, ಸೈನಿಕನಲ್ಲ, ಕಬ್ಬಿಣದ ಪೈಪು ಬೀಸುವ ಒಬ್ಬ ಅಪ್ಪ. ಅವನ ಹೊಡೆತ ನಿಧಾನ, ಗುರಿ ಅಂದಾಜಿನದ್ದು. ಪ್ಲೇಸ್ಟೇಷನ್ನಿಗೆ ದೂರದ ಬೀದಿ ಬಿಡಿಸುವ ಶಕ್ತಿ ಇರಲಿಲ್ಲವಾದ್ದರಿಂದ ಮಂಜು ಕವಿಸಿದರು, ಆ ಮಂಜಿನೊಳಗೆ ಶತ್ರುವಿನ ಸುಳಿವು ಕೊಡಲು ರೇಡಿಯೊದ ಗರಗರ ಸದ್ದು ಇಟ್ಟರು. ಲೋಕಲ್ ಹಳಿಯ ಪಕ್ಕದ ಕಟ್ಟಡಗಳಲ್ಲಿ ಆಡುವವರು ಕಿವಿಗೆ ಹೆಡ್‌ಫೋನ್ ಹಾಕಲೇಬೇಕು, ಇಲ್ಲದಿದ್ದರೆ ಅರ್ಧ ಗೇಮ್ ಕೇಳಿಸುವುದೇ ಇಲ್ಲ. ಟೆಕ್ಮೊದ 'ಫೇಟಲ್ ಫ್ರೇಮ್' (2001) ಆಯುಧವನ್ನೇ ಕ್ಯಾಮೆರಾ ಮಾಡಿತು. ದೆವ್ವ ಮೈಮೇಲೆ ಬೀಳುವ ಕ್ಷಣದವರೆಗೆ ಕಾದು ಫೋಟೊ ತೆಗೆದರೆ ಏಟು ಜೋರು, ಹೆದರಿ ಬೇಗ ಒತ್ತಿದರೆ ಫಿಲ್ಮ್ ದಂಡ.

2005ರಲ್ಲಿ ಮಿಕಾಮಿಯೇ ತಾವು ಕಟ್ಟಿದ್ದನ್ನು ಕೆಡವಿದರು. 'ರೆಸಿಡೆಂಟ್ ಈವಿಲ್ 4' ಕ್ಯಾಮೆರಾವನ್ನು ನಾಯಕನ ಹೆಗಲ ಹಿಂದೆ ತಂದಿತು, ಲೇಸರ್ ಚುಕ್ಕೆ ಕೊಟ್ಟಿತು, ಸತ್ತ ಶತ್ರುಗಳಿಂದ ಗುಂಡು ಉದುರಿಸಿತು. ಆಟಗಾರ ಮತ್ತೆ ಮತ್ತೆ ಸತ್ತರೆ ಗೇಮ್ ತಾನೇ ಸ್ವಲ್ಪ ಸಡಿಲವಾಗುತ್ತದೆ. ಆದರೂ ಒಂದು ಬಿಗಿ ಉಳಿಸಿಕೊಂಡರು: ಗುರಿಯಿಡುವಾಗ ಕಾಲು ಕದಲುವುದಿಲ್ಲ. ಸುತ್ತ ಹತ್ತು ಮಂದಿ ಹಳ್ಳಿಗರು, ಮಧ್ಯೆ ನಿಂತಲ್ಲೇ ನಿಂತ ನಾಯಕ ಲಿಯಾನ್. 'ಡೆಡ್ ಸ್ಪೇಸ್' (2008) ಎದೆಗೆ ಹೊಡೆಯುವ ಅಭ್ಯಾಸವನ್ನೇ ಮುರಿಯಿತು, ಕೈಕಾಲು ಕತ್ತರಿಸದೆ ನೆಕ್ರೊಮಾರ್ಫ್ ಎಂಬ ಅದರ ವಿಕಾರ ಜೀವಿಗಳು ಸುಲಭಕ್ಕೆ ನಿಲ್ಲುವುದಿಲ್ಲ. ನಂತರ ಬಂದ ದೊಡ್ಡ ಬಜೆಟ್ಟಿನ ಗೇಮ್‌ಗಳು ಗುಂಡಿನ ಮಳೆಯನ್ನು ತೆಗೆದುಕೊಂಡು ಆ ಬಿಗಿಯನ್ನು ಬಿಟ್ಟುಬಿಟ್ಟವು. 'ರೆಸಿಡೆಂಟ್ ಈವಿಲ್ 6' (2012) ಬರುವ ಹೊತ್ತಿಗೆ ಅದು ಹಾರರ್ ಅನ್ನುವುದೇ ಕಷ್ಟವಾಗಿತ್ತು.

ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ಅಷ್ಟರಲ್ಲಿ ತದ್ವಿರುದ್ಧ ದಿಕ್ಕಿಗೆ ಹೊರಟಿತ್ತು. ಅವರ 'ಪೆನಂಬ್ರಾ: ಓವರ್‌ಚರ್' (2007)ನಲ್ಲಿ ಮೌಸ್ ಎಳೆದು ಸುತ್ತಿಗೆ ಬೀಸಬೇಕಿತ್ತು, ಅದು ಒಡ್ಡೊಡ್ಡಾಗಿತ್ತು. ಕೈಯಲ್ಲಿ ಸುತ್ತಿಗೆ ಇದ್ದರೆ ಆಟಗಾರ ಅಡಗಲು ಯೋಚಿಸುವುದಿಲ್ಲ, ಬೀಸಲು ಯೋಚಿಸುತ್ತಾನೆ. 2008ರ 'ಬ್ಲ್ಯಾಕ್ ಪ್ಲೇಗ್'ನಲ್ಲಿ ಕಾದಾಟ ತೆಗೆದರು, 2010ರ 'ಅಮ್ನೀಷಿಯಾ'ದಲ್ಲಿ ಬರಿ ಲಾಂದ್ರ ಉಳಿಯಿತು. 2013ರ 'ಔಟ್‌ಲಾಸ್ಟ್' ಕೂಡ ಹಾಗೇ, ಕೈಯಲ್ಲಿ ವಿಡಿಯೊ ಕ್ಯಾಮೆರಾ ಮತ್ತು ಮುಗಿಯುತ್ತ ಬರುವ ಬ್ಯಾಟರಿ. ಮೊದಲ ಎರಡು ಗಂಟೆ ಇವು ಮೈ ನಡುಗಿಸುತ್ತವೆ. ಆಮೇಲೆ ಒಂದು ತೊಂದರೆ ಎದುರಾಗುತ್ತದೆ: ಒಂದೇ ಜಾಗದಲ್ಲಿ ನಾಲ್ಕು ಸಲ ಸಿಕ್ಕಿಬಿದ್ದ ಮೇಲೆ ಭೂತ ಓಡಾಡುವ ದಾರಿ ಬಾಯಿಪಾಠವಾಗಿ, ಹೆದರಿಕೆಯ ಜಾಗಕ್ಕೆ ಕಿರಿಕಿರಿ ಬರುತ್ತದೆ.

'ಏಲಿಯನ್: ಐಸೊಲೇಷನ್' (2014) ಇದಕ್ಕೆ ಎರಡು ಮದ್ದು ಕಂಡುಕೊಂಡಿತು. ಏಲಿಯನ್ ನಿಗದಿತ ದಾರಿಯಲ್ಲಿ ನಡೆಯುವುದಿಲ್ಲ. ಆಟಗಾರ ಎಲ್ಲಿದ್ದಾನೆಂದು ಬಲ್ಲ ಒಂದು ಮೇಲಿನ ವ್ಯವಸ್ಥೆ ಅದಕ್ಕೆ ಸುಳಿವಷ್ಟೇ ಕೊಡುತ್ತದೆ, ಹುಡುಕುವ ಕೆಲಸ ಅದರದ್ದೇ. ಇನ್ನೊಂದು, ಬೆಂಕಿ ಕಾರುವ ಯಂತ್ರ. ಅದರಿಂದ ಏಲಿಯನ್ ಸಾಯುವುದಿಲ್ಲ, ಸ್ವಲ್ಪ ಹೊತ್ತು ಹಿಂದೆ ಸರಿಯುತ್ತದೆ, ಇಂಧನ ಮಾತ್ರ ಹೋದದ್ದು ಹೋದಂತೆ. 2019ರ 'ರೆಸಿಡೆಂಟ್ ಈವಿಲ್ 2' ಮರುರೂಪವೂ ಹಳೆಯ ಲೆಕ್ಕಕ್ಕೆ ಮರಳಿತು: ನಿಂತು ಕಾದರೆ ಗುರಿಯ ವೃತ್ತ ಕಿರಿದಾಗುತ್ತದೆ, ಕಾಯುವಷ್ಟು ಹೊತ್ತೂ ಜೋಂಬಿ ನಡೆದು ಬರುತ್ತಲೇ ಇರುತ್ತದೆ.

ಆಯುಧ ಕಿತ್ತುಹಾಕಿದ್ದ ಫ್ರಿಕ್ಷನಲ್ ಕೂಡ 2023ರ 'ಅಮ್ನೀಷಿಯಾ: ದ ಬಂಕರ್'ನಲ್ಲಿ ಆಟಗಾರನ ಕೈಗೆ ರಿವಾಲ್ವರ್ ಇಟ್ಟಿತು. ಎಷ್ಟು ಗುಂಡು ಉಳಿದಿದೆ ಎಂದು ಪರದೆ ಹೇಳುವುದಿಲ್ಲ, ರಿವಾಲ್ವರಿನ ಸಿಲಿಂಡರ್ ತೆರೆದು ಎಣಿಸಬೇಕು, ಗುಂಡುಗಳನ್ನು ಒಂದೊಂದಾಗಿಯೇ ತುಂಬಬೇಕು. ಹೊಡೆದರೆ ಬಂಕರಿನಲ್ಲಿ ಬೆನ್ನಟ್ಟುವ ಮೃಗ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಟಾರ್ಚ್ ಬೆಳಗಲು ದಾರ ಎಳೆಯಬೇಕು, ಆ ಸದ್ದಿಗೇ ಮೃಗ ಬರುತ್ತದೆ. ದೀಪ ಉರಿಸುವ ಜನರೇಟರಿನ ಇಂಧನವೂ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಆಡಲು ಕೂತವರು ಮೊದಲು ಜನರೇಟರಿಗೆ ಇಂಧನ ಹಾಕಿ, ದೀಪ ಹತ್ತಿದ ಮೇಲೆ ಗುಂಡು ಎಣಿಸಿ, ಆಮೇಲಷ್ಟೇ ಮುಂದಿನ ಬಾಗಿಲು ತೆರೆಯಬೇಕು.