ಮಿಗ್ಮಾ ಭಾಷೆ ಕಲಿಯುವವರಿಗೆ: ಕರ್ತೃವಲ್ಲ, ಕರ್ಮವನ್ನು ನೋಡಿ

ಕೆನಡಾದ ನೋವಾ ಸ್ಕೋಷಿಯಾದಲ್ಲಿರುವ ಕೇಪ್ ಬ್ರೆಟನ್ ವಿಶ್ವವಿದ್ಯಾಲಯಕ್ಕೆ ನಮ್ಮ ದೇಶದಿಂದ ತುಂಬಾ ವಿದ್ಯಾರ್ಥಿಗಳು ಬರುತ್ತಾರೆ. ಅಲ್ಲಿನ ಉನಮಾಗಿ ಕಾಲೇಜಿನಲ್ಲಿ ಆ ನೆಲದ ಮೂಲನಿವಾಸಿಗಳಾದ ಮಿಗ್ಮಾಕ್ ಜನರ ಭಾಷೆಯಾದ ಮಿಗ್ಮಾ, ಅವರ ಇತಿಹಾಸ, ಬ್ರಿಟಿಷರ ಜೊತೆ ಅವರು ಮಾಡಿಕೊಂಡ ಒಪ್ಪಂದಗಳನ್ನು ಕಲಿಸುತ್ತಾರೆ. ಆ ಭಾಷೆಯನ್ನು ಆರಿಸಿಕೊಂಡವರಿಗೆ ಈ ಟಿಪ್ಪಣಿ.

ಉಚ್ಚಾರ ಸುಲಭ. ಬರೆದ ಕ, ತ, ಪ ಸ್ವರಗಳ ನಡುವೆ ಗ, ದ, ಬ ಆಗುತ್ತವೆ. ತಮಿಳು ಓದಲು ಬಂದರೆ ಸಲೀಸು.

ಕಷ್ಟವೆಲ್ಲ ಕ್ರಿಯಾಪದದಲ್ಲಿ. ಕನ್ನಡದಲ್ಲಿ ಅದು ಕರ್ತೃವಿಗೆ ತಕ್ಕಂತೆ ಬದಲಾಗುತ್ತದೆ: ನಾನು ನೋಡುತ್ತೇನೆ, ಅವಳು ನೋಡುತ್ತಾಳೆ. ನೋಡಿದ್ದು ಮನುಷ್ಯನನ್ನೋ ಕಲ್ಲನ್ನೋ, ಕ್ರಿಯಾಪದ ಬದಲಾಗುವುದಿಲ್ಲ ಅಲ್ವಾ? ಮಿಗ್ಮಾದಲ್ಲಿ ಬದಲಾಗುತ್ತದೆ. ನಾಮಪದಗಳಲ್ಲಿ ಸಜೀವ, ನಿರ್ಜೀವ ಎಂಬ ಎರಡು ಗುಂಪುಗಳಿವೆ. ಮೂಸ್ ಎಂಬ ದೊಡ್ಡ ಜಿಂಕೆ, ಅವರ 'ತಿಯಾಮ್', ಸಜೀವ. ಅದನ್ನು ನೋಡಿದರೆ 'ನೆಮೀಕ್'. ಪುಸ್ತಕ ನಿರ್ಜೀವ, ಅದಕ್ಕೆ 'ನೆಮಿದು'. ನಿನ್ನನ್ನು ನೋಡಿದರೆ 'ನೆಮುಲ್'. ಮೂರರಲ್ಲೂ ನೋಡುವವನು ನಾನೇ. 'ನಾನು' ಎಂದು ಬೇರೆ ಹೇಳಬೇಕಿಲ್ಲ, ಅದು ಪದದೊಳಗೇ ಇದೆ. 'ಪ್ರೀತಿಸು' ಕೂಡ ಹೀಗೇ: ಸಜೀವಕ್ಕೆ 'ಕೆಸಲ್ಕ್', ನಿರ್ಜೀವಕ್ಕೆ 'ಕೆಸದಮ್', ನಿನಗೆ 'ಕೆಸಲುಲ್'. ಅಂದರೆ ಬಾಯಿ ತೆರೆಯುವ ಮೊದಲೇ ಕರ್ಮ ಯಾವ ಗುಂಪಿನದು ಎಂದು ಗೊತ್ತಿರಬೇಕು.

ಉಸಿರಾಡುತ್ತದೆಯೇ ಎಂದು ಕೇಳಿಕೊಂಡು ಗುಂಪು ಹೇಳಲು ಆಗುವುದಿಲ್ಲ. ನಮಗೆ ಜೀವವಿಲ್ಲ ಅನ್ನಿಸುವ ಕೆಲವು ವಸ್ತುಗಳೂ ಸಜೀವದ ಗುಂಪಿನಲ್ಲಿವೆ. ನನ್ನ ಉಪಾಯ: ನಾಮಪದವನ್ನು ಒಂಟಿಯಾಗಿ ಕಲಿಯಬೇಡಿ, ಬಹುವಚನದ ಜೊತೆಗೇ ಕಲಿಯಿರಿ. ಬಹುವಚನದ ಕೊನೆಯಲ್ಲಿ 'ಕ್' ಬಂದರೆ ಸಾಮಾನ್ಯವಾಗಿ ಸಜೀವ. 'ಲ್' ಅಥವಾ 'ನ್' ಬಂದರೆ ನಿರ್ಜೀವ. ಗುಂಪು ಸಿಕ್ಕಿತು ಅಂದರೆ ಕ್ರಿಯಾಪದವೂ ಸಿಕ್ಕಿತು.

'ನಾವು' ಕೂಡ ಎರಡಿವೆ. ಕೇಳುವವರನ್ನು ಸೇರಿಸಿಕೊಂಡರೆ 'ಕಿನು', ಬಿಟ್ಟರೆ 'ನಿನೆನ್'. ತುಳುವಿನ 'ನಮ', 'ಎಂಕುಲು' ಗೊತ್ತಿರುವವರಿಗೆ ಹೊಸದೇನಲ್ಲ.

ಇನ್ನು ಉದ್ಯೋಗ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರವಿಟ್ಟು ಓದಿಸುತ್ತಿದ್ದ, ನೋವಾ ಸ್ಕೋಷಿಯಾದ ಶುಬೆನಾಕಡಿಯ ವಸತಿ ಶಾಲೆಯಲ್ಲಿ (1930–1967) ತಾಯ್ನುಡಿ ಆಡಿದ ಮಕ್ಕಳಿಗೆ ಶಿಕ್ಷೆ ಆಗುತ್ತಿತ್ತು. ಆ ಗಾಯದ ಮೇಲೆ ಭಾಷೆಯನ್ನು ಮತ್ತೆ ಕಟ್ಟುತ್ತಿದ್ದಾರೆ. 2022ರ ಕಾನೂನು ಮಿಗ್ಮಾವನ್ನು ನೋವಾ ಸ್ಕೋಷಿಯಾದ ಮೊದಲ ಭಾಷೆ ಎಂದು ಒಪ್ಪಿಕೊಂಡಿದೆ. ಎಸ್ಕಸೋನಿ ಎಂಬ ಮಿಗ್ಮಾಕ್ ಊರಿನಲ್ಲಿ ಮಕ್ಕಳಿಗೆ ಮಿಗ್ಮಾದಲ್ಲೇ ಪಾಠ ನಡೆಯುತ್ತದೆ. ಆ ಶಿಕ್ಷಕರ ಕೆಲಸ ಮೊದಲು ಆ ಸಮುದಾಯದವರಿಗೇ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ಹೊರಗಿನವರಿಗೆ ಆರ್ಕೈವ್ಸ್, ಆರೋಗ್ಯ ಸೇವೆ, ಕಾನೂನು, ಮೀನುಗಾರಿಕೆ ನಿರ್ವಹಣೆಯಲ್ಲಿ ಈ ಓದು ಜಾಸ್ತಿ ಉಪಯೋಗ. 1760–61ರ ಒಪ್ಪಂದಗಳ ಆಧಾರದ ಮೇಲೆಯೇ 1999ರ ಮಾರ್ಷಲ್ ತೀರ್ಪಿನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಮಿಗ್ಮಾಕ್ ಜನರ ಮೀನು ಹಿಡಿದು ಮಾರುವ ಹಕ್ಕನ್ನು ಎತ್ತಿಹಿಡಿಯಿತು. ಮೀನುಗಾರಿಕೆಯತ್ತ ಹೋಗುವವರು ಒಪ್ಪಂದಗಳ ಪೇಪರನ್ನು ಬಿಡಬೇಡಿ.