ಕೂಸಿನ ಉಸಿರಿಗೆ ಸೇರುವ ಹೊಗೆ: ಒಂದು ಪ್ರಶ್ನೆ ಬೆಳೆದು ಬಂದ ಬಗೆ

ಧೂಮಪಾನ ಕುರಿತು ಅಮೆರಿಕ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ 1964ರಲ್ಲಿ ಹೊರತಂದ ವರದಿ ಬೀರಿದ ಪ್ರಭಾವ ದೊಡ್ಡದು. ಆದರೆ ಅದರ ಗಮನವೆಲ್ಲ ಸೇದುವವರ ಮೇಲಿತ್ತು. ಅದೇ ಕೋಣೆಯಲ್ಲಿ ಮಲಗಿದ ಕೂಸಿನ ಪ್ರಶ್ನೆ ಸ್ಪಷ್ಟ ರೂಪ ಪಡೆದದ್ದು 1974ರಲ್ಲಿ, 'ದಿ ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಎರಡು ಅಧ್ಯಯನಗಳು ಪ್ರಕಟವಾದಾಗ. ಜೆರುಸಲೇಮಿನ ಅಧ್ಯಯನವು ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳ ದಾಖಲೆಗಳನ್ನು ಪರಿಶೀಲಿಸಿ, ಸೇದುವ ತಾಯಂದಿರ ಮಕ್ಕಳು ನ್ಯುಮೋನಿಯಾ ಮತ್ತು ಬ್ರಾಂಕೈಟಿಸ್‌ನಿಂದ (ಶ್ವಾಸನಾಳಗಳ ಉರಿಯೂತದಿಂದ) ಹೆಚ್ಚಾಗಿ ಆಸ್ಪತ್ರೆ ಸೇರುತ್ತಿದ್ದುದನ್ನು ತೋರಿಸಿತು.

ಲಂಡನ್ನಿನ ಅಧ್ಯಯನದ ಜಾಣ್ಮೆ ಬೇರೆಯದು. ಸೇದುವ ತಂದೆತಾಯಿಗಳು ತಾವೇ ಹೆಚ್ಚು ಕೆಮ್ಮುತ್ತಾರೆ. ಹಾಗಿದ್ದ ಮೇಲೆ ಮಗುವಿಗೆ ಸೋಂಕು ತಗಲುವುದು ಹೊಗೆಯಿಂದಲೋ, ಆ ಕೆಮ್ಮಿನಿಂದಲೋ? ಈ ಸಂದೇಹವನ್ನು ಬಗೆಹರಿಸಲು ಸಂಶೋಧಕರು 2,205 ಶಿಶುಗಳ ಐದು ವರ್ಷಗಳ ಆರೋಗ್ಯದ ಜೊತೆಗೆ ಹೆತ್ತವರ ಕಫದ ತೊಂದರೆಯನ್ನೂ ದಾಖಲಿಸಿದರು. ಕಫವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಹೊಗೆಯ ನಂಟು ಉಳಿಯಿತು: ಮೊದಲ ವರ್ಷದಲ್ಲಿ ಸೋಂಕಿನ ಅಪಾಯ ಸುಮಾರು ಇಮ್ಮಡಿಯಾಗಿತ್ತು. ಆ ವಯಸ್ಸು ದಾಟಿದ ಮಕ್ಕಳಲ್ಲಿ ನಂಟು ಅಷ್ಟು ನಿಚ್ಚಳವಾಗಿರಲಿಲ್ಲ, ಇದಕ್ಕೆ ಅಚ್ಚರಿಪಡಬೇಕಿಲ್ಲ. ಮೊದಲ ವರ್ಷವಿಡೀ ಮಗು ಮನೆಯೊಳಗೆ, ಯಾರಾದರೊಬ್ಬರ ತೋಳಿನಲ್ಲೇ ಇರುತ್ತದೆ; ಅದರ ಶ್ವಾಸನಾಳಗಳು ಕಿರಿದು, ಉಸಿರಾಟ ದೊಡ್ಡವರಿಗಿಂತ ಬಹಳ ವೇಗ. ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳನ್ನು ಹೊಗೆ ಮಂಕಾಗಿಸಿದಾಗ, ಸಣ್ಣ ಉರಿಯೂತವೂ ದಾರಿ ಕಟ್ಟಿಬಿಡುತ್ತದೆ.

ನಿಜವಾದ ಕಾರಣ ಹೊಗೆಯಲ್ಲ, ಬಡತನ, ಇಕ್ಕಟ್ಟಿನ ಮನೆ ಮುಂತಾದವು ಎಂಬ ಆಕ್ಷೇಪಗಳು ಮತ್ತೆ ಮತ್ತೆ ಬಂದವು. ಮಗುವಿಗೆ ಎಷ್ಟು ಹೊಗೆ ತಗಲಿತೆಂದು ತಿಳಿಯಲು ಹೆತ್ತವರ ಹೇಳಿಕೆಯನ್ನಷ್ಟೇ ನಂಬಬೇಕಾದ ಕಷ್ಟವನ್ನು ತಗ್ಗಿಸಿದ್ದು ಕೋಟಿನೀನ್. ದೇಹದಲ್ಲಿ ನಿಕೋಟಿನ್ ಒಡೆದಾಗ ಹುಟ್ಟುವ ಈ ವಸ್ತುವನ್ನು ಮಗುವಿನ ಮೂತ್ರದಲ್ಲೇ ಅಳೆಯಬಹುದು. ಇನ್ನು ಗರ್ಭದಲ್ಲಿದ್ದಾಗಿನ ಹಾನಿಯನ್ನೂ ಹುಟ್ಟಿದ ಮೇಲಿನ ಹಾನಿಯನ್ನೂ ಬೇರ್ಪಡಿಸುವ ತೊಡಕು ಇಂದಿಗೂ ಪೂರ್ತಿ ಬಿಡಿಸಿಲ್ಲ. ತಾಯಿ ಸೇದದೆ ತಂದೆ ಮಾತ್ರ ಸೇದುವ ಮನೆಗಳಲ್ಲೂ ಅಪಾಯ ಕಂಡುಬಂದದ್ದು, ಹುಟ್ಟಿದ ಮೇಲಿನ ಹೊಗೆಯೂ ಹಾನಿ ಮಾಡುತ್ತದೆ ಎಂಬುದಕ್ಕೆ ಮುಖ್ಯ ಸುಳಿವು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1990ರ ದಶಕದ ಆರಂಭದಲ್ಲಿ ನೀಡಿದ ಅಂದಾಜಿನ ಪ್ರಕಾರ, ಆ ದೇಶದಲ್ಲಿ ಹದಿನೆಂಟು ತಿಂಗಳೊಳಗಿನ ಮಕ್ಕಳಲ್ಲಿ ವರ್ಷಕ್ಕೆ 1,50,000ದಿಂದ 3,00,000 ಶ್ವಾಸಕೋಶದ ಸೋಂಕುಗಳಿಗೆ ಪರೋಕ್ಷ ಧೂಮಪಾನ ಕಾರಣ.

ಕಾನೂನು ಮೊದಲು ಬಿಗಿಯಾದದ್ದು ಸಾರ್ವಜನಿಕ ಸ್ಥಳಗಳಲ್ಲಿ. ಇಂಗ್ಲೆಂಡಿನಲ್ಲಿ ಅದು 2007ರಲ್ಲಿ ಕಚೇರಿ, ಹೋಟೆಲುಗಳನ್ನೂ 2015ರಲ್ಲಿ ಮಕ್ಕಳಿರುವ ಕಾರುಗಳನ್ನೂ ತಲುಪಿತು. ಮಗು ಹೆಚ್ಚು ಹೊತ್ತು ಕಳೆಯುವ ಮನೆಯ ಹೊಸ್ತಿಲನ್ನು ದಾಟಲಿಲ್ಲ. ಅಲ್ಲಿ ಹೆತ್ತವರು ತಾವೇ ಕಂಡುಕೊಂಡ ರಾಜಿ ಹೊರಗೆ ನಿಂತು ಸೇದುವುದು. ಅದರಿಂದ ಹೊಗೆ ಕಡಿಮೆಯಾಗುವುದು ನಿಜ, ಆದರೆ ಬಟ್ಟೆಗೂ ದೂಳಿಗೂ ಅಂಟಿದ ಅಂಶ ಒಳಗೆ ಬಂದೇ ಬರುತ್ತದೆ: ಅಂಥ ಮನೆಗಳ ಶಿಶುಗಳ ಮೂತ್ರದಲ್ಲಿ ಕೋಟಿನೀನ್, ಯಾರೂ ಸೇದದ ಮನೆಗಳ ಶಿಶುಗಳಿಗಿಂತ ಹೆಚ್ಚೇ ಕಂಡುಬಂದಿದೆ.